ಪಾಸಿಟಿವ್ ಅರ್ತ್ ಇರುವ ಹಳೆಯ ಕಾರಿಗೆ ಬ್ಲೂಟೂತ್ ಸೆಟ್ ಹಾಕಿಸುವ ಮುನ್ನ ಇದನ್ನು ಓದಿ

ಮೋರಿಸ್, ಆಸ್ಟಿನ್, ಹಿಲ್‌ಮನ್‌ನಂಥ ಹಳೆಯ ಬ್ರಿಟಿಷ್ ಕಾರು ಇಟ್ಟುಕೊಂಡವರು ಮೊಬೈಲಿನ ಹಾಡು ಕೇಳಲು ಸೆಟ್ ಹಾಕಿಸಬೇಕೆಂದಿದ್ದರೆ, ದಯವಿಟ್ಟು ಇದನ್ನು ಓದಿದ ಮೇಲೆ ಅಂಗಡಿಗೆ ಹೋಗಿ. ನಮ್ಮ 1961ರ ಮೋರಿಸ್ ಮೈನರ್ 1000 ನಡುರಸ್ತೆಯಲ್ಲಿ ಹೊತ್ತಿ ಉರಿಯುವುದು ಸ್ವಲ್ಪದರಲ್ಲಿ ತಪ್ಪಿತು. ಪಕ್ಕದ ಸೀಟಿನಲ್ಲಿ ಅಪ್ಪ ಕುಳಿತಿದ್ದರು. ಅವರಿಗೆ ಮೊಣಕಾಲು ನೋವು, ಬೇಗ ಇಳಿಯಲು ಆಗುವುದಿಲ್ಲ. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಇದಕ್ಕೆಲ್ಲ ಕಾರಣ, ಕಾರಿನ ಬಾಡಿ ಬ್ಯಾಟರಿಯ ಯಾವ ತುದಿಗೆ ಸೇರಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸೆಟ್ ಕೂರಿಸಿದ ಒಂದು ಕಾರ್ ಆಡಿಯೋ ಅಂಗಡಿ.

ಮೊದಲು ವಿಷಯ ಹೇಳಿಬಿಡುತ್ತೇನೆ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಬಾಡಿಗೆ ಕಟ್ಟಿರುತ್ತಾರೆ, ಇದು ನೆಗೆಟಿವ್ ಅರ್ತ್. 1950 ಮತ್ತು 60ರ ದಶಕದ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಇದು ತಿರುಗುಮುರುಗು: ಪ್ಲಸ್ ತುದಿ ಬಾಡಿಗೆ ಹೋಗಿರುತ್ತದೆ, ಮೈನಸ್ ತುದಿಯೇ ಲೈವ್, ಅಂದರೆ ಬಾಡಿಗೆ ತಾಗಬಾರದ ಕಡೆ. ಇದೇ ಪಾಸಿಟಿವ್ ಅರ್ತ್. 60ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ತಯಾರಕರೂ ನೆಗೆಟಿವ್ ಅರ್ತ್‌ಗೆ ಹೊರಳಿದರು. ಬಲ್ಬು, ಹಾರ್ನುಗಳಿಗೆ ಕರೆಂಟು ಯಾವ ದಿಕ್ಕಿನಿಂದ ಬಂದರೂ ಒಂದೇ. ಬ್ಲೂಟೂತ್ ಸೆಟ್ಟಿಗೆ ಹಾಗಲ್ಲ. ಅದರ ತಗಡಿನ ಪೆಟ್ಟಿಗೆ, ಏರಿಯಲ್ ಸಾಕೆಟ್ಟಿನ ಹೊರಸುತ್ತು, ಯುಎಸ್‌ಬಿ ಕಿಂಡಿಯ ಅಂಚು ಎಲ್ಲವೂ ಒಳಗಿನ ಮೈನಸ್‌ಗೆ ಸೇರಿರುತ್ತವೆ. ಮೈನಸ್ ಅರ್ತ್ ಇರುವ ಕಾರಿನಲ್ಲಿ ಪೆಟ್ಟಿಗೆ ಬಾಡಿಗೆ ತಾಗಿದರೆ ಏನೂ ಆಗದು. ಪ್ಲಸ್ ಅರ್ತ್ ಇರುವ ಕಾರಿನಲ್ಲಿ ಅದೇ ಪೆಟ್ಟಿಗೆ ಬಾಡಿಗೆ ತಾಗಿದರೆ ಬ್ಯಾಟರಿಯ ಎರಡೂ ತುದಿಗಳನ್ನು ನೇರವಾಗಿ ಜೋಡಿಸಿದಂತಾಗುತ್ತದೆ.

ಇದನ್ನೆಲ್ಲ ನಾನು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿದ್ದೆ. ಜಾಬ್ ಕಾರ್ಡಿನ ಮೇಲೆ ನನ್ನ ಕೈಯಲ್ಲೇ ಬರೆದೂ ಇದ್ದೆ: ಪಾಸಿಟಿವ್ ಅರ್ತ್, ಡ್ಯಾಶ್‌ಬೋರ್ಡ್ ಕೊಯ್ಯಬಾರದು, ಸೆಟ್ ಗ್ಲೋವ್ ಬಾಕ್ಸಿನೊಳಗೇ ಇರಬೇಕು. ಮಾಲೀಕರು ‘ಇಂಥವು ಎಷ್ಟೋ ನೋಡಿದ್ದೇವೆ ಸಾರ್, ನೀವು ಸಂಜೆ ಬನ್ನಿ’ ಎಂದರು.

ಸಂಜೆ ಹೋದಾಗ ಡ್ಯಾಶ್‌ಬೋರ್ಡನ್ನು ಕೊಯ್ದಾಗಿತ್ತು. ಸಿಂಗಲ್ ಡಿನ್ ಎಂಬ ಮಾಮೂಲಿ ಅಳತೆಯ ಸೆಟ್ಟಿಗೆ 182 ಮಿಲಿಮೀಟರ್ ಅಗಲ, 53 ಮಿಲಿಮೀಟರ್ ಎತ್ತರದ ಕಿಂಡಿ ಬೇಕು. ಆ ಅಳತೆಗೆ ಗ್ರೈಂಡರ್ ಹಿಡಿದು ಉಕ್ಕಿನ ತಗಡನ್ನೇ ಕತ್ತರಿಸಿದ್ದರು. ಅಂಚಿನಲ್ಲಿ ಬಣ್ಣ ಸುಟ್ಟು ಕಪ್ಪಾಗಿತ್ತು, ಲೋಹದ ಪುಡಿ ಕೆಳಗಿನ ಮ್ಯಾಟಿನ ಮೇಲೆ ಚೆಲ್ಲಿತ್ತು. ಅರವತ್ತು ವರ್ಷ ಯಾರೂ ಕೈ ಹಚ್ಚದೆ ಉಳಿಸಿಕೊಂಡು ಬಂದ ಡ್ಯಾಶ್‌ಬೋರ್ಡ್ ಅದು. ನಾನು ಕೂಗಾಡಿದೆ. ‘ಒಳಗೆ ಇಟ್ಟರೆ ಸೆಟ್ ಬಿಸಿಯಾಗುತ್ತದೆ ಸಾರ್, ನೋಡಿ ಎಷ್ಟು ಚೆನ್ನಾಗಿ ಕೂತಿದೆ’ ಎಂದು ಸಮಾಧಾನ ಹೇಳಿದರು. ಅರ್ತ್ ಬಗ್ಗೆ ಕೇಳಿದೆ. ‘ತಂತಿ ಅದಲುಬದಲು ಮಾಡಿದ್ದೇವೆ, ಕ್ಲಿಯರ್’ ಎಂದರು. ಸೆಟ್ ಹಾಡುತ್ತಿತ್ತು. ಬಿಲ್ಲಿನ ಜಗಳ ಮರುದಿನಕ್ಕಿಟ್ಟು ಅಪ್ಪನನ್ನು ಕರೆದುಕೊಂಡು ಮೈಸೂರಿನ ಕಡೆ ಹೊರಟೆ.

ಬಿಡದಿ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲಿ ಒಂದು ಹಂಪು ಬಂತು. ಕಾರು ಕುಲುಕಿದ್ದೇ ತಡ, ಹಾಡು ನಿಂತಿತು. ಅದರ ಹಿಂದೆಯೇ ರಬ್ಬರ್ ಸುಟ್ಟ ವಾಸನೆ. ಸ್ಪೀಡೋಮೀಟರ್ ಹಿಂದಿನಿಂದ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಬಂತು. ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದೆ, ಹೊಗೆ ನಿಲ್ಲಲಿಲ್ಲ. ಅಪ್ಪನನ್ನು ತೋಳು ಹಿಡಿದು ಇಳಿಸಿ, ಬಾನೆಟ್ ಎತ್ತಿ, ಬ್ಯಾಟರಿಯ ತಂತಿ ಕೀಳಲು ಹೋದೆ. ಈ ಕಾರುಗಳನ್ನು ಬಲ್ಲವರಿಗೆ ಗೊತ್ತು, ಇದರ ಬ್ಯಾಟರಿ ಟರ್ಮಿನಲ್ ಈಗಿನಂತೆ ಬೋಲ್ಟು ಬಿಗಿಯುವ ಕ್ಲ್ಯಾಂಪ್ ಅಲ್ಲ. ಸೀಸದ ಟೊಪ್ಪಿಯನ್ನು ಕಂಬದ ಮೇಲೆ ಕೂರಿಸಿ ನಡುವೆ ಒಂದು ಸ್ಕ್ರೂ ಬಿಗಿದಿರುತ್ತಾರೆ. ಸ್ಕ್ರೂಡ್ರೈವರ್ ಇಲ್ಲದೆ ಬಿಚ್ಚಲು ಬರುವುದಿಲ್ಲ. ಅದು ಡಿಕ್ಕಿಯಲ್ಲಿದ್ದ ಟೂಲ್ ಬ್ಯಾಗಿನಲ್ಲಿತ್ತು. ಹಿಂದೆ ಓಡಿ, ತಂದು, ಸ್ಕ್ರೂ ಬಿಚ್ಚಿ ಟೊಪ್ಪಿ ಎತ್ತುವಷ್ಟರಲ್ಲಿ ವೈರಿಂಗಿನ ಒಂದು ಮೊಳದಷ್ಟು ಕಟ್ಟು ಬೆಂದುಹೋಗಿತ್ತು.

ಆದದ್ದೇನೆಂದು ಆಮೇಲೆ ಮೈಸೂರಿನ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಒಂದೊಂದೇ ತಂತಿ ಬಿಡಿಸಿ ತೋರಿಸಿದರು. ಅಂಗಡಿಯ ಹುಡುಗ ಸೆಟ್ಟಿನ ಕೆಂಪು ಮತ್ತು ಹಳದಿ ತಂತಿಗಳನ್ನು ಬಾಡಿಗೆ ಕಟ್ಟಿ, ಕಪ್ಪು ತಂತಿಯನ್ನು ಇಗ್ನಿಷನ್ ಸ್ವಿಚ್ಚಿಗೆ ಬರುವ ಕಂದು ತಂತಿಗೆ ಸುತ್ತಿದ್ದ. ಸೆಟ್ ಹಾಡುವ ಮಟ್ಟಿಗೆ ಅದು ಸರಿಯೇ. ಆದರೆ ಹಾಗೆ ಕಟ್ಟಿದಾಗ ಸೆಟ್ಟಿನ ಪೆಟ್ಟಿಗೆಯೇ ಲೈವ್ ಆಗಿಬಿಡುತ್ತದೆ. ಅದು ಅವರಿಗೂ ಗೊತ್ತಿದ್ದಿರಬೇಕು, ಪೆಟ್ಟಿಗೆಯ ಸುತ್ತ ಇನ್ಸುಲೇಷನ್ ಟೇಪ್ ಸುತ್ತಿ ಕಿಂಡಿಯೊಳಗೆ ತುರುಕಿದ್ದರು. ಗ್ರೈಂಡರಿನಿಂದ ಕೊಯ್ದ ಅಂಚು ಬ್ಲೇಡಿನಂತೆ ಹರಿತವಾಗಿತ್ತು. ಕಾರು ಕುಲುಕಿದಾಗ ಅದು ಟೇಪನ್ನು ಸೀಳಿ ಪೆಟ್ಟಿಗೆಗೆ ತಾಗಿತು.

ಫ್ಯೂಸ್ ಯಾಕೆ ಹಾರಲಿಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಸೆಟ್ಟಿನ ಫ್ಯೂಸ್ ಇರುವುದು ಹಳದಿ ತಂತಿಯ ದಾರಿಯಲ್ಲಿ. ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಆ ಫ್ಯೂಸ್ ಬಾಡಿಯ ಕಡೆಗೆ ಹೋಯಿತು. ಶಾರ್ಟ್ ಆದಾಗ ಕರೆಂಟು ಬಾಡಿಯಿಂದ ಪೆಟ್ಟಿಗೆಗೆ, ಅಲ್ಲಿಂದ ಕಪ್ಪು ತಂತಿಗೆ, ಅಲ್ಲಿಂದ ಕಂದು ತಂತಿಗೆ ಹರಿಯಿತು. ಫ್ಯೂಸಿನ ಹತ್ತಿರ ಸುಳಿಯಲೇ ಇಲ್ಲ. ಇನ್ನು ಈ ಕಾರುಗಳ ಎಲೆಕ್ಟ್ರಿಕಲ್ ಸಾಮಾನು ಮಾಡುತ್ತಿದ್ದ ಬ್ರಿಟಿಷ್ ಕಂಪನಿ ಲ್ಯೂಕಾಸ್‌ನ ವೈರಿಂಗಿನಲ್ಲಿ ಕಂದು ಬಣ್ಣವೆಂದರೆ ಬ್ಯಾಟರಿಯಿಂದ ನಡುವೆ ಫ್ಯೂಸ್ ಇಲ್ಲದೆ ಬರುವ ಲೈನ್. ಈ ಕಾರಿನಲ್ಲಿ ಇರುವುದೇ ಎರಡು ಫ್ಯೂಸ್, ಅವೆರಡೂ ಅದರ ನಂತರ ಬರುತ್ತವೆ. ಕೀ ಆಫ್ ಮಾಡಿದರೂ ಹೊಗೆ ನಿಲ್ಲದಿರಲು ಕಾರಣ ಅದೇ.

ಬಣ್ಣ ನೋಡಿ ತಂತಿ ಕಟ್ಟುವವರನ್ನು ಈ ಕಾರುಗಳ ಹತ್ತಿರ ಬಿಡಲೇಬೇಡಿ. ಲ್ಯೂಕಾಸ್ ಲೆಕ್ಕದಲ್ಲಿ ಬಿಳಿ ಎಂದರೆ ಇಗ್ನಿಷನ್, ಹಸಿರು ಎಂದರೆ ಇಗ್ನಿಷನ್ ಹಾಕಿದಾಗ ಫ್ಯೂಸ್ ದಾಟಿ ಬರುವುದು, ಕೆಂಪು ಪಾರ್ಕಿಂಗ್ ದೀಪದ್ದು, ಕಪ್ಪು ಅರ್ತ್. ಸೆಟ್ಟಿನ ಕಪ್ಪೂ ‘ಅರ್ತ್’ ಎಂದೇ ಹೆಸರಾಗಿದೆ, ಆದರೆ ಅದು ಮೈನಸ್, ನಮ್ಮ ಕಾರಿನ ಕಪ್ಪು ಪ್ಲಸ್. ಕಪ್ಪಿಗೆ ಕಪ್ಪು ಸೇರಿಸುವವನ ಕೈಯಲ್ಲಿ ಸೆಟ್ ಸುಡುತ್ತದೆ. ಅದಲುಬದಲು ಮಾಡುವವನ ಕೈಯಲ್ಲಿ ಕಾರೇ ಸುಡಬಹುದು.

ಅಂಗಡಿಯವರು ತಪ್ಪು ಒಪ್ಪಿಕೊಳ್ಳಲಿಲ್ಲ. ‘ಹಳೆಯ ವೈರು ಸಾರ್, ಯಾವಾಗಲಾದರೂ ಹೋಗುವುದೇ’ ಎಂದರು. ಜಾಬ್ ಕಾರ್ಡಿನ ಮೊಬೈಲ್ ಫೋಟೋ ತೋರಿಸಿದ ಮೇಲೆ ಸೆಟ್ಟಿನ ಹಣ ಮಾತ್ರ ಹಿಂದಿರುಗಿಸಿದರು. ವೈರಿಂಗ್ ಪೂರ್ತಿ ಹೊಸದಾಗಿ ಎಳೆಸಿದ ಖರ್ಚು ನಮ್ಮದೇ. ಡ್ಯಾಶ್‌ಬೋರ್ಡಿನ ಕಿಂಡಿಗೆ ತಗಡು ಬೆಸೆದು, ಲಪ್ಪ ಹಾಕಿ, ಬಣ್ಣ ಹೊಡೆಸಿದ್ದೇವೆ. ಓರೆ ಬಿಸಿಲಿನಲ್ಲಿ ಬೆಸುಗೆಯ ಗೆರೆ ಕಾಣುತ್ತದೆ. ನಿಮ್ಮ ಜಾಬ್ ಕಾರ್ಡಿನಲ್ಲೂ ಎಲ್ಲವನ್ನೂ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಕೈಗೆ ಬಂದ ಅಷ್ಟು ಹಣವೂ ಆ ಒಂದು ಫೋಟೋದಿಂದ ಬಂದದ್ದು. ಕಾರಿಗೆ ಆಮೇಲೆ ಸೇರಿಸಿದ ಎಲೆಕ್ಟ್ರಾನಿಕ್ ಸಾಮಾನುಗಳನ್ನು ವಿಮೆಯಲ್ಲಿ ಬೇರೆಯಾಗಿ ತೋರಿಸಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ. ಐವತ್ತು ವರ್ಷ ದಾಟಿದ ಕಾರನ್ನು 2021ರ ಕೇಂದ್ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸಬೇಕೆಂದಿರುವವರು ಬಾಡಿಯ ತಗಡಿಗೆ ಗ್ರೈಂಡರ್ ತಾಗಿಸಲೇಬಾರದು. ಆ ನಿಯಮ ಕೇಳುವುದೇ ಕಾರು ಮೂಲ ರೂಪದಲ್ಲಿರಬೇಕೆಂದು.

ಹಾಗಾದರೆ ಹಾಡು ಬೇಡವೇ? ಬೇಕು. ಅಪ್ಪ ಈಗಲೂ ಈ ಕಾರಿನಲ್ಲೇ ಭಾವಗೀತೆ ಕೇಳುತ್ತಾರೆ. ಚಾರ್ಜ್ ಮಾಡುವ ಬ್ಲೂಟೂತ್ ಸ್ಪೀಕರ್ ಒಂದನ್ನು ಮನೆಯಲ್ಲೇ ಚಾರ್ಜ್ ಮಾಡಿ, ಡ್ಯಾಶ್‌ಬೋರ್ಡಿನ ಕೆಳಗಿನ ತಟ್ಟೆಯಲ್ಲಿ ದಪ್ಪ ಬಟ್ಟೆ ಹಾಸಿ ಇಡುತ್ತೇವೆ. ಕಾರಿನ ಒಂದು ತಂತಿಯನ್ನೂ ಮುಟ್ಟಬೇಕಾಗಿಲ್ಲ. ನನ್ನನ್ನು ಕೇಳಿದರೆ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಕಾರಿನ ಬ್ಯಾಟರಿಯಿಂದಲೇ ಆಗಬೇಕು ಎನ್ನುವವರು ಕರೆಂಟು ಒಳಬರುವ ಬದಿಗೂ ಹೊರಹೋಗುವ ಬದಿಗೂ ನಡುವೆ ನೇರ ತಂತಿಯ ಸಂಪರ್ಕವೇ ಇಲ್ಲದ ಐಸೊಲೇಟೆಡ್ ಡಿಸಿ ಕನ್ವರ್ಟರ್ ಕೇಳಿ ಕೊಳ್ಳಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಅಗ್ಗದ 12ರಿಂದ 5 ವೋಲ್ಟಿನ ಮಾಡ್ಯೂಲುಗಳಲ್ಲಿ ಎರಡೂ ಕಡೆಯ ಮೈನಸ್ ಒಂದೇ ಆಗಿರುತ್ತದೆ, ಅವು ನಮಗೆ ಆಗಿಬರುವುದಿಲ್ಲ. ಬೆಂಕಿಪೆಟ್ಟಿಗೆಯಷ್ಟೂ ಇಲ್ಲದ ಯುಎಸ್‌ಬಿ ಚಾರ್ಜರ್‌ಗಳೂ ಹಾಗೆಯೇ. ಅಂಥ ಚಾರ್ಜರಿಗೆ ಫೋನ್ ಸಿಕ್ಕಿಸಿದ್ದಾಗ ಅದನ್ನು ಸ್ಪೀಕರಿಗೆ ಜೋಡಿಸುವ ಆಕ್ಸ್ ಕೇಬಲ್ಲಿನ ಬರಿಯ ಪಿನ್ ಡ್ಯಾಶ್‌ಬೋರ್ಡಿಗೆ ತಾಗಿದರೆ ಕರೆಂಟು ಫೋನಿನೊಳಗಿಂದಲೇ ಹಾದುಹೋಗುತ್ತದೆ. ಕನ್ವರ್ಟರಿನ ಲೈವ್ ತಂತಿಗೆ, ಎಂದರೆ ನಮ್ಮ ಕಾರಿನಲ್ಲಿ ಮೈನಸ್ ಕಡೆಗೆ, ತಂತಿ ಹೊರಡುವಲ್ಲೇ 3 ಅಥವಾ 5 ಆಂಪಿಯರ್ ಫ್ಯೂಸ್ ಹಾಕಿಸಿ. ಇಡೀ ಕಾರನ್ನೇ ನೆಗೆಟಿವ್ ಅರ್ತ್‌ಗೆ ತಿರುಗಿಸುವ ದಾರಿಯೂ ಇದೆ. ಬ್ಯಾಟರಿ ತಿರುಗಿಸಿದರಷ್ಟೇ ಸಾಲದು, ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಫೀಲ್ಡ್ ಟರ್ಮಿನಲ್‌ಗೆ ಹೊಸ ದಿಕ್ಕಿನಲ್ಲಿ ಕರೆಂಟು ತಾಗಿಸಬೇಕು, ಇಗ್ನಿಷನ್ ಕಾಯಿಲಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. ಡೈನಮೋ ಕಾಲದ ಕೆಲಸ ಬಲ್ಲವರಿಂದ ಮಾತ್ರ ಮಾಡಿಸಿ.

ಆಂಪ್ಲಿಫೈಯರ್, ಸಬ್‌ವೂಫರ್ ಆಸೆಯನ್ನು ಮಾತ್ರ ಬಿಟ್ಟುಬಿಡಿ. ಮೈನರ್‌ನ ಡೈನಮೋ ಎಂಜಿನ್ ಜೋರಾಗಿ ತಿರುಗುವಾಗ ಕೊಡುವುದೇ 20 ಆಂಪಿಯರ್ ಆಸುಪಾಸು. ಸಿಗ್ನಲ್ಲಿನಲ್ಲಿ ನಿಂತಾಗ ಇಗ್ನಿಷನ್‌ನ ಕೆಂಪು ದೀಪ ಮಿನುಗಿದರೆ ಆ ಹೊತ್ತಿನಲ್ಲಿ ಅದು ಏನೂ ಕೊಡುತ್ತಿಲ್ಲ ಎಂದರ್ಥ. ಹೆಡ್‌ಲೈಟ್, ವೈಪರ್, ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲಕ್ಕೂ ಅಷ್ಟರಲ್ಲೇ ಹಂಚಬೇಕು. ಪ್ರೀಮಿಯರ್ ಪದ್ಮಿನಿಯಂತೆ ಪ್ಲಸ್ ಅರ್ತ್ ಗೋಜಿಲ್ಲದ ಕಾರಿನಲ್ಲೂ ಡೈನಮೋ ಇದ್ದರೆ ಈ ಲೆಕ್ಕ ತಪ್ಪದು.

ನಿಮ್ಮ ಕಾರು ಈಗಾಗಲೇ ಇಂಥ ಅಂಗಡಿಯಿಂದ ಸೆಟ್ ಹಾಕಿಸಿಕೊಂಡು ಬಂದಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಸೆಟ್ಟಿನ ಪೆಟ್ಟಿಗೆಗೂ ಇನ್ನೊಂದನ್ನು ಬಣ್ಣವಿಲ್ಲದ ಬಾಡಿಯ ಲೋಹಕ್ಕೂ ತಾಗಿಸಿ. ಸೊನ್ನೆಯ ಬದಲು 12 ವೋಲ್ಟ್ ತೋರಿಸಿದರೆ ಕಾರನ್ನು ಅಲ್ಲಿಂದ ಕದಲಿಸಬೇಡಿ. ಬ್ಯಾಟರಿ ಬಿಚ್ಚಿ, ಸೆಟ್ ಹೊರಗೆ ತೆಗೆಸಿ. ಸ್ಕ್ರೂಡ್ರೈವರನ್ನು ಡಿಕ್ಕಿಯಲ್ಲಿಡಬೇಡಿ, ಚಾಲಕನ ಬಾಗಿಲ ಹತ್ತಿರವೇ ಇಟ್ಟುಕೊಳ್ಳಿ. ಸಾಧ್ಯವಾದರೆ ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ ಕಟಾಫ್ ಸ್ವಿಚ್ ಒಂದನ್ನು ಹಾಕಿಸಿ. ನಾವು ವೈರಿಂಗ್ ಎಳೆಸಿದ ದಿನವೇ ಅದನ್ನು ಹಾಕಿಸಿದೆವು, ಅಪ್ಪನ ಕೈಗೂ ಎಟುಕುವ ಜಾಗದಲ್ಲಿ.