ಪ್ರೌಢಶಾಲೆಯ ತರಗತಿಯಲ್ಲಿ ಆಡಾಸಿಟಿ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ವಿಜಯಪುರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ನಾನು, ಧ್ವನಿಯನ್ನು ಮುದ್ರಿಸಿ ಸಂಕಲಿಸುವ ಆಡಾಸಿಟಿ ಎಂಬ ಉಚಿತ ತಂತ್ರಾಂಶವನ್ನು ಅದರ ಮೂರನೇ ಆವೃತ್ತಿ ಬರುವುದಕ್ಕೂ ಮೊದಲಿನಿಂದ ಮಕ್ಕಳ ಕೈಗೆ ಕೊಡುತ್ತ ಬಂದಿದ್ದೇನೆ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಅದು ನಡೆಯುತ್ತದೆ. ಒಮ್ಮೆ ಅಳವಡಿಸಿಕೊಂಡರೆ ಮುದ್ರಣಕ್ಕೂ ಸಂಕಲನಕ್ಕೂ ಇಂಟರ್‌ನೆಟ್ ಬೇಕಿಲ್ಲ.

ಕಿವಿಗೆ ಕೇಳಿದ್ದನ್ನು ಅಳೆಯಬಹುದಾದ ಚಿತ್ರವಾಗಿ ತೋರಿಸುವುದೇ ಇದರ ಮುಖ್ಯ ಗುಣ. ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಮೂಲ ಧ್ವನಿಗೂ ಅದಕ್ಕೂ ಕನಿಷ್ಠ 0.1 ಸೆಕೆಂಡಿನ ಅಂತರವಿರಬೇಕೆಂದು ಒಂಬತ್ತನೇ ತರಗತಿಯ ಪಾಠದಲ್ಲಿದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಹೊಡೆದ ಒಂದು ಚಪ್ಪಾಳೆಯನ್ನು ಮೊಬೈಲಿನಲ್ಲಿ ಮುದ್ರಿಸಿ ತಂದು ತೆರೆದರೆ, ಪರದೆಯ ಮೇಲೆ ಒಂದರ ಹಿಂದೊಂದು ಶಿಖರಗಳು ಸಣ್ಣದಾಗುತ್ತ ಸಾಗುವುದು ಕಾಣುತ್ತದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ, ಎದುರು ಗೋಡೆಗೆ ಹೋಗಿ ಮರಳಲು ಸುಮಾರು 0.22 ಸೆಕೆಂಡು ಬೇಕು. ಮಕ್ಕಳು ಈ ಲೆಕ್ಕವನ್ನು ಶಿಖರಗಳ ಅಂತರದೊಂದಿಗೆ ಹೋಲಿಸುತ್ತಾರೆ. ಲೆಕ್ಕಕ್ಕೆ ಹೊಂದದ ಶಿಖರ ಕಂಡಾಗ, “ಸರ್, ಇದು ಯಾವ ಗ್ವಾಡಿಗೆ ಬಡದು ಬಂದೈತ್ರಿ?” ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ಬೇಕೆಂದರೆ ಕಟ್ಟಡದ ನಕ್ಷೆ ಬರೆದು, ಬೇರೆ ಜಾಗದಲ್ಲಿ ನಿಂತು ಮತ್ತೆ ಮುದ್ರಿಸಬೇಕು. ಪ್ರವಾಸಿಗರ ಕೂಗಾಟ ಶುರುವಾಗುವ ಮುನ್ನ, ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗುವುದು ಲೇಸು.

ಇದಕ್ಕಿಂತಲೂ ನನಗೆ ಮಹತ್ವದ್ದೆನಿಸಿದ್ದು ಸಂಕಲನದ ಪಾಠ. 1620ರಲ್ಲಿ ಕಟ್ಟಿಸಿದ ವಿಜಯಪುರದ ತಾಜ್ ಬಾವಡಿ ಎಂಬ ಬಾವಿಯ ಬಗ್ಗೆ ಮಕ್ಕಳು ಹಿರಿಯರನ್ನು ಮಾತನಾಡಿಸಿ ಮುದ್ರಿಸಿಕೊಂಡಾಗ, ಹಿರಿಯರೊಬ್ಬರು “ಬ್ಯಾಸಗಿ ಬಿಟ್ಟರ ವರ್ಷಾನೂ ನೀರು ಇರತಿತ್ತು” ಎಂದಿದ್ದರು. ಮೊದಲ ಎರಡು ಪದಗಳನ್ನು ಕತ್ತರಿಸಿ ಕೇಳಿಸಿದಾಗ ಹೇಳಿಕೆಯ ಅರ್ಥವೇ ಬದಲಾಯಿತು, ಆದರೆ ಕತ್ತರಿಸಿದ ಗುರುತು ಯಾರ ಕಿವಿಗೂ ಸಿಗಲಿಲ್ಲ. ಅಂದಿನಿಂದ ವಾಟ್ಸಾಪಿನಲ್ಲಿ ಬಂದ ಧ್ವನಿತುಣುಕಿನ ಮುಂದೆ, ಹಿಂದೆ ಏನಿತ್ತೆಂದು ಮಕ್ಕಳು ತಾವಾಗಿಯೇ ಕೇಳುತ್ತಾರೆ. ಮೂಲ ಮುದ್ರಣವನ್ನು ಅಳಿಸದೆ ಸಂಕಲಿತ ಪ್ರತಿಯ ಜೊತೆಗೇ ಒಪ್ಪಿಸಬೇಕೆಂಬುದು ಈಗ ನಮ್ಮ ತರಗತಿಯ ನಿಯಮ.

ಗದ್ದಲ ತಗ್ಗಿಸುವ ಸೌಲಭ್ಯ ಉಪಯುಕ್ತ. ಹೆಚ್ಚು ಬಳಸಿದರೆ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ.

ತೊಡಕುಗಳೂ ಇವೆ. ಮೊಬೈಲಿಗೆ ಈ ತಂತ್ರಾಂಶವಿಲ್ಲ. ಅನೇಕ ಮೊಬೈಲುಗಳು ಎಂ4ಎ ರೂಪದಲ್ಲಿ ಮುದ್ರಿಸುತ್ತವೆ. ವಿಂಡೋಸ್‌ನಲ್ಲಿ ಅವನ್ನು ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಪೂರಕ ತಂತ್ರಾಂಶವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗುವುದರಿಂದ, ತರಗತಿಯ ಹಿಂದಿನ ದಿನವೇ ಪ್ರತಿ ಕಂಪ್ಯೂಟರಿನಲ್ಲೂ ಪರೀಕ್ಷಿಸಿಡಬೇಕು. ಸಾಮಾನ್ಯ ಗುಣಮಟ್ಟದಲ್ಲಿ ಒಂದು ಚಾನೆಲ್ಲಿನ ಒಂದು ನಿಮಿಷದ ಮುದ್ರಣಕ್ಕೆ ಹತ್ತು ಎಂಬಿಗೂ ಹೆಚ್ಚು ಜಾಗ ಹೋಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಯೋಜನೆಯ ಕಡತ ಬೇರೆ, ಧ್ವನಿಯ ಫೋಲ್ಡರ್ ಬೇರೆ ಇರುತ್ತಿದ್ದುದರಿಂದ, ಒಂದನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡವರ ಕೆಲಸ ತೆರೆಯುತ್ತಿರಲಿಲ್ಲ. 2021ರ ಮೂರನೇ ಆವೃತ್ತಿಯಿಂದ ಎಲ್ಲವೂ ಒಂದೇ ಕಡತದಲ್ಲಿ ಉಳಿಯುತ್ತದೆ. ಶಾಲೆಯ ಕಂಪ್ಯೂಟರುಗಳಲ್ಲಿ ಹಳೆಯದೇ ಇದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ.