ದುಡ್ಡು ಕೊಟ್ಟು ಡಿಕ್ಷನರಿ ಸಾಫ್ಟ್‌ವೇರ್ ಹಾಕಿಸಿಕೊಳ್ಳುವ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲಿ ಯಾರಾದರೂ 'ಒರಿಜಿನಲ್ ಕನ್ನಡ ಡಿಕ್ಷನರಿ, ಒಂದು ವರ್ಷದ ಲೈಸೆನ್ಸ್' ಎಂದು ಹೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ. ನನ್ನಿಂದ 2,400 ರೂಪಾಯಿ ಕಿತ್ತುಕೊಂಡಿದ್ದಾರೆ. ಯಾವುದಕ್ಕೆ? ಗೋಲ್ಡನ್‌ಡಿಕ್ಟ್‌ಗೆ. ನಿಘಂಟುಗಳನ್ನು ತೆರೆದು ಪದ ಹುಡುಕಿಕೊಡುವ, ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವ ಸಾಫ್ಟ್‌ವೇರ್ ಗೋಲ್ಡನ್‌ಡಿಕ್ಟ್‌ಗೆ!

ನಾನು ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಜಾಸ್ತಿ ಸ್ಮರಣ ಸಂಚಿಕೆಗಳ ಕೆಲಸ. ಪ್ರೂಫ್ ನೋಡುವಾಗ ಅರ್ಥ ಬೇಗ ಸಿಗಬೇಕು. ನನ್ನ ಕಂಪ್ಯೂಟರ್ ರಿಪೇರಿ ಮಾಡುವ ಅಂಗಡಿಯವರೇ ಹಾಕಿಕೊಟ್ಟರು. ಪದ ಸೆಲೆಕ್ಟ್ ಮಾಡಿ, ಕಂಟ್ರೋಲ್ ಹಿಡಿದು ಸಿ ಎರಡು ಸಲ ಒತ್ತಿದರೆ ಅರ್ಥ ಬರುತ್ತಿತ್ತು. ಚೆನ್ನಾಗಿಯೇ ಇತ್ತು.

ಆದರೆ 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿದ ಹಳೆಯ ಫೈಲಿನ ಪದ ಹಾಕಿದರೆ ಏನೂ ಸಿಗಲಿಲ್ಲ. ಹುಡುಕುವ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ, ಅದಕ್ಕೇ ಹಾಗೆ. ಫೋನ್ ಮಾಡಿದರೆ, "ಅದಕ್ಕೆ ನುಡಿ ಪ್ಯಾಕ್ ಬೇರೆ ಇದೆ ಸರ್, 800 ಆಗುತ್ತೆ" ಎಂದರು. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಂಡರೆ ಸಾಕು, ಅದಕ್ಕೆ ಬಿಟ್ಟಿ ಪರಿವರ್ತಕಗಳಿವೆ!

ಅನುಮಾನ ಬಂದು ಹೆಲ್ಪ್ ಮೆನುವಿನಲ್ಲಿ ಅಬೌಟ್ ತೆರೆದೆ. ಗೋಲ್ಡನ್‌ಡಿಕ್ಟ್, ಜಿಪಿಎಲ್ ಲೈಸೆನ್ಸ್ ಎಂದು ಕಣ್ಣಿಗೆ ಹೊಡೆಯುವಂತೆ ಬರೆದಿದೆ. ಅದು ಮುಕ್ತ ಸಾಫ್ಟ್‌ವೇರಿನ ಲೈಸೆನ್ಸ್, ಯಾರು ಬೇಕಾದರೂ ಬಳಸಬಹುದು, ವರ್ಷಕ್ಕೆ ಮುಗಿಯುವ ಮಾತೇ ಇಲ್ಲ. ನಿಘಂಟಿನ ಫೋಲ್ಡರಿನಲ್ಲಿ ಅದರ ವಿವರ ಇಟ್ಟುಕೊಂಡಿದ್ದ ಐಎಫ್‌ಒ ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. 'ಬುಕ್‌ನೇಮ್' ಸಾಲಿನಲ್ಲಿ ಒಂದರಲ್ಲಿ ಕಿಟೆಲ್, ಇನ್ನೊಂದರಲ್ಲಿ ಅಲರ್. ಹಾಕಿಕೊಡುವಾಗ ಅಂಗಡಿಯವರು "ನಮ್ಮದೇ ಡೇಟಾಬೇಸ್ ಸರ್" ಎಂದಿದ್ದರಲ್ಲ, ಇದೇ ಅದು! ಕಿಟೆಲ್ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅಲರ್, ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂತು ಕಟ್ಟಿದ ಒಂದೂವರೆ ಲಕ್ಷ ಪದಗಳ ನಿಘಂಟು. 2019ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಅವರು ಬಿಟ್ಟಿ ಕೊಟ್ಟಿದ್ದನ್ನು ಇವರು ತಮ್ಮದು ಎಂದು ಮಾರುತ್ತಾರೆ. ಮೈಯೆಲ್ಲ ಉರಿದುಹೋಯಿತು.

"ಇದು ಫ್ರೀ ಅಲ್ವಾ?" ಎಂದು ಅಂಗಡಿಯವರಿಗೆ ಮೆಸೇಜ್ ಮಾಡಿ ಕೇಳಿದೆ.

"ಫ್ರೀದು ಬೇರೆ ಸರ್, ಇದು ಪ್ರೊ."

ಅಬೌಟ್ ಪುಟದ ಫೋಟೋ ಕಳಿಸಿದೆ.

"ಇನ್‌ಸ್ಟಾಲೇಶನ್ ಚಾರ್ಜ್ ಅಂತ ತಿಳ್ಕೊಳ್ಳಿ ಸರ್."

ಹಾಗಾದರೆ ಮುಂದಿನ ವರ್ಷ ರಿನ್ಯೂವಲ್ ಯಾತಕ್ಕೆ? ಬಿಲ್ ಕೊಡಿ ಎಂದೆ.

"ಸಾಫ್ಟ್‌ವೇರಿಗೆಲ್ಲ ಬಿಲ್ ಬರಲ್ಲ ಸರ್. ಇಷ್ಟು ಚಿಕ್ಕ ವಿಷಯಕ್ಕೆ ಯಾಕೆ ಇಷ್ಟು ಮಾತು?"

ಚಿಕ್ಕ ವಿಷಯವಂತೆ! ಆಮೇಲೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಇಲ್ಲ. ಹಾಕಿಕೊಟ್ಟಿದ್ದಕ್ಕೆ ಇಷ್ಟು ಕೊಡಿ ಎಂದಿದ್ದರೆ ಸಂತೋಷವಾಗಿ ಕೊಡುತ್ತಿದ್ದೆ, ಅದು ಅವರ ದುಡಿಮೆ. ಲೈಸೆನ್ಸ್, ಪ್ರೊ, ರಿನ್ಯೂವಲ್ ಎಂದು ಸುಳ್ಳು ಹೇಳಿದ್ದೇ ನನಗೆ ತಡೆಯಲಾಗುತ್ತಿಲ್ಲ.

ಯಾರೇ ಮಾರಿದರೂ ಮೊದಲು ಅಬೌಟ್ ತೆರೆದು ತೋರಿಸಿ ಎನ್ನಿ. ಬಿಲ್ ಇಲ್ಲ ಎಂದರೆ ಎದ್ದು ಬನ್ನಿ. ಕಾಲೇಜು ಹುಡುಗರಿಗೂ ಇದನ್ನೇ ಮಾರುತ್ತಿದ್ದಾರೆ ಎಂದು ಕೇಳಿದೆ, ಪರಿಚಯದವರಿಗೆಲ್ಲ ಹೇಳಿ. ದುಡ್ಡು ಕಳಿಸಿದ ದಾಖಲೆ, ಅವರ ಮೆಸೇಜು ಎಲ್ಲ ನನ್ನ ಹತ್ತಿರ ಇವೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತಿದ್ದೇನೆ. ನಿಮಗೂ ಹೀಗೇ ಆಗಿದ್ದರೆ ಆ ಮೆಸೇಜುಗಳನ್ನು ಅಳಿಸಬೇಡಿ, ನೀವೂ ದೂರು ಕೊಡಿ.