ಮನೆಯಲ್ಲೇ ಕ್ರೋಮ್ ಉಗುರು: ದುಡ್ಡು ಹಾಕುವುದಾದರೆ ಟಾಪ್ ಕೋಟ್‌ಗೆ ಹಾಕಿ

ನನ್ನ ಉಗುರು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ, "ಯಾವ ಪೌಡರ್ ತಗೊಂಡ್ರಿ?" ವರ್ಷ ದಾಟಿತು ನಾನು ಮನೆಯಲ್ಲೇ ಕ್ರೋಮ್ ಹಾಕಿಕೊಳ್ಳೋಕೆ ಶುರು ಮಾಡಿ. ಕ್ರೋಮ್ ಅಂದರೆ ಹೊಳೆಯುವ ಪೌಡರ್ ಉಜ್ಜಿ ಉಗುರಿಗೆ ಕನ್ನಡಿಯ ಅಥವಾ ಮುತ್ತಿನ ಹೊಳಪು ತರುವುದು. ಈಗ ನನ್ನ ಉತ್ತರ ಇಷ್ಟೇ: ಪೌಡರ್ ಹೆಚ್ಚುಕಡಿಮೆ ಯಾವುದಾದರೂ ನಡೆಯುತ್ತದೆ. ಅದರ ಕೆಳಗೆ ಮತ್ತು ಮೇಲೆ ಹಚ್ಚುವ ಪಾರದರ್ಶಕ ಪದರ, ಅಂದರೆ ಟಾಪ್ ಕೋಟ್, ಚೆನ್ನಾಗಿರಬೇಕು. ಅದನ್ನು ಗಟ್ಟಿ ಮಾಡುವ ಲ್ಯಾಂಪ್ ಸರಿಯಾಗಿರಬೇಕು. ಹೊಳಪೂ ಅದರಿಂದಲೇ, ಬಾಳಿಕೆಯೂ ಅದರಿಂದಲೇ.

ನಾನಿರುವುದು ಶಿವಮೊಗ್ಗದಲ್ಲಿ. ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ಕೆಲಸ. ಹಗಲೆಲ್ಲ ನೋಟು, ರಬ್ಬರ್ ಬ್ಯಾಂಡ್, ಕೀಬೋರ್ಡ್. ಸಂಜೆ ಮನೆಗೆ ಬಂದರೆ ಅಡುಗೆ, ಪಾತ್ರೆ. ಫೋಟೋಗೆ ಮಾತ್ರ ಚೆನ್ನಾಗಿ ಕಾಣುವ ಉಗುರು ನನಗೆ ಬೇಡ. ಎರಡು ವಾರ ಕೈಕೆಲಸ ತಾಳಿಕೊಳ್ಳಬೇಕು. ಆ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಳಿ ಇರುವ ಸಾಮಾನು ಜಾಸ್ತಿ ಏನಿಲ್ಲ. 48 ವ್ಯಾಟ್‌ನ ಎಲ್‌ಇಡಿ ಲ್ಯಾಂಪ್, ಬೇಸ್ ಕೋಟ್ (ಎಲ್ಲಕ್ಕಿಂತ ಕೆಳಗಿನ ಪದರ), ಲ್ಯಾಂಪ್ ಬೆಳಕಿಗೆ ಗಟ್ಟಿಯಾಗುವ ಮೂರು ಬಣ್ಣದ ಜೆಲ್ ಪಾಲಿಶ್ (ಕಪ್ಪು, ಹಾಲು ಬಿಳಿ, ತಿಳಿ ಗುಲಾಬಿ), ನೋ ವೈಪ್ ಟಾಪ್ ಕೋಟ್, ಬೆಳ್ಳಿ ಮತ್ತು ಮುತ್ತಿನ ಬಣ್ಣದ ಎರಡು ಪೌಡರ್ ಡಬ್ಬಿ, ಸ್ಪಾಂಜಿನ ಐಶ್ಯಾಡೋ ಕಡ್ಡಿ, ಉಗುರು ಉಜ್ಜುವ 180 ಗ್ರಿಟ್ ಫೈಲ್, ಜೆಲ್ ತೆಗೆಯುವ ಅಸಿಟೋನ್. ಪೌಡರ್ ಡಬ್ಬಿ ನೋಡಲು ಚಿಕ್ಕದು. ಆದರೆ ಹತ್ತು ಉಗುರಿಗೆ ಬೇಕಾಗುವುದು ಚಿಟಿಕೆಯಷ್ಟೂ ಅಲ್ಲ. ನನ್ನ ಬೆಳ್ಳಿ ಡಬ್ಬಿ ಇನ್ನೂ ಅರ್ಧಕ್ಕೂ ಬಂದಿಲ್ಲ. ಟಾಪ್ ಕೋಟ್ ಬಾಟಲಿ ಮಾತ್ರ ಬೇಗ ಮುಗಿಯುತ್ತದೆ. ಒಂದೇ ಸಲಕ್ಕೆ ಎರಡು ಪದರ ಬೇಕಲ್ವಾ, ಅದಕ್ಕೆ.

ಈ ಹೊಳಪು ಹೇಗೆ ಬರುತ್ತದೆ ಎಂದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಮುತ್ತಿನ ಥರ ಹೊಳೆಯುವ ಪೌಡರ್‌ಗಳು ಸಾಮಾನ್ಯವಾಗಿ ಅಭ್ರಕದ ಸಣ್ಣ ಚಕ್ಕೆಗಳು. ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ತೆಳುವಾದ ಲೇಪ ಇರುತ್ತದೆ. ಕನ್ನಡಿ ಥರದ ಬೆಳ್ಳಿ ಪೌಡರ್‌ಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂ ಚಕ್ಕೆಯವು. ಈ ಚಕ್ಕೆಗಳೆಲ್ಲ ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗಿದರೆ ಕನ್ನಡಿ. ಅಡ್ಡಾದಿಡ್ಡಿ ನಿಂತರೆ ಬರೀ ಮಿನುಗು. ಚಪ್ಪಟೆಯಾಗಿ ಮಲಗಬೇಕಾದರೆ ಕೆಳಗಿನ ನೆಲ ಗಾಜಿನಂತೆ ನುಣುಪಾಗಿರಬೇಕು, ಅಂಟಂಟಾಗಿ ಇರಬಾರದು.

ಸಾಧಾರಣ ಜೆಲ್ ಲ್ಯಾಂಪ್‌ನಿಂದ ಹೊರಬಂದಾಗ ಮೇಲೆ ಒಂದು ಅಂಟು ಪದರ ಉಳಿದಿರುತ್ತದೆ. ಗಾಳಿಯ ಆಮ್ಲಜನಕ ಮೇಲ್ಪದರವನ್ನು ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ. ಅದರ ಮೇಲೆ ಪೌಡರ್ ಹಾಕಿದರೆ ಗುಪ್ಪೆ ಗುಪ್ಪೆಯಾಗಿ ಅಂಟಿಕೊಳ್ಳುತ್ತದೆ. ನೋ ವೈಪ್ ಟಾಪ್ ಕೋಟ್‌ನಲ್ಲಿ ಆ ಅಂಟು ಉಳಿಯುವುದಿಲ್ಲ. ಹಾಗಾಗಿ ಕ್ರೋಮ್‌ಗೆ ಅದೇ ಬೇಕು. ಬಾಟಲಿಯ ಮೇಲೆ "ನೋ ವೈಪ್" ಎಂದು ಬರೆದಿದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ.

ಇನ್ನು ಸಮಯ. ಇಡೀ ಕೆಲಸದಲ್ಲಿ ನಾನು ಜಾಸ್ತಿ ಗಮನ ಕೊಡುವುದು ಇಲ್ಲೇ. ಬೇಸ್ ಕೋಟ್, ಬಣ್ಣ ಆದ ಮೇಲೆ ಹಚ್ಚುವ ಈ ಟಾಪ್ ಕೋಟನ್ನು ಲ್ಯಾಂಪ್‌ನಲ್ಲಿ ಕಡಿಮೆ ಇಟ್ಟರೆ ಪೌಡರ್ ಉಜ್ಜುವಾಗ ಮೇಲ್ಮೈ ಕದಡುತ್ತದೆ, ತರಿತರಿಯಾಗುತ್ತದೆ. ಜಾಸ್ತಿ ಇಟ್ಟರೆ ಪೂರ್ತಿ ಗಟ್ಟಿಯಾಗಿ ಪೌಡರ್ ಹಿಡಿಯುವುದೇ ಇಲ್ಲ, ಉಜ್ಜಿದ್ದೆಲ್ಲ ಉದುರುತ್ತದೆ. ನನ್ನ ಲ್ಯಾಂಪ್‌ಗೆ, ನನ್ನ ಬಾಟಲಿಗೆ 30 ಸೆಕೆಂಡು ಸರಿಹೋಗಿದೆ. ನಿಮ್ಮದಕ್ಕೆ ಬೇರೆ ಇರಬಹುದು. ಹಳೆಯ ಪ್ಲಾಸ್ಟಿಕ್ ಉಗುರಿನ ಮೇಲೆ ಒಮ್ಮೆ ಮಾಡಿ ನೋಡಿಕೊಂಡರೆ ಗೊತ್ತಾಗುತ್ತದೆ. ಲ್ಯಾಂಪ್‌ನಿಂದ ಕೈ ತೆಗೆದ ಕೂಡಲೇ ಉಜ್ಜಬೇಕು. ಒಂದು ಕೈಯ ನಾಲ್ಕೂ ಬೆರಳಿಗೆ ಒಟ್ಟಿಗೆ ಟಾಪ್ ಕೋಟ್ ಹಾಕಿ ಆಮೇಲೆ ಒಂದೊಂದಾಗಿ ಉಜ್ಜುತ್ತಾ ಕೂತರೆ ಕೊನೆಯ ಬೆರಳಿನ ಹೊತ್ತಿಗೆ ತಣ್ಣಗಾಗಿ, ಅದರ ಹೊಳಪು ಮಂಕಾಗುತ್ತದೆ. ನಾನು ಎರಡೆರಡು ಬೆರಳಿಗೆ ಮಾಡುತ್ತೇನೆ. ಹೆಬ್ಬೆರಳು ಬೇರೆಯಾಗಿ, ಕೊನೆಗೆ. ಲ್ಯಾಂಪ್ ಒಳಗೆ ಹೆಬ್ಬೆರಳು ಅಡ್ಡ ಮಲಗುತ್ತದೆ, ಬೆಳಕು ನೇರ ಬೀಳುವುದಿಲ್ಲ.

ಉಜ್ಜುವುದಕ್ಕೆ ಬಲ ಬೇಡ, ತಾಳ್ಮೆ ಬೇಕು. ದೇವರ ಮನೆಯ ಬೆಳ್ಳಿ ದೀಪ ತಿಕ್ಕಿದ ಹಾಗೆ, ಮೆಲ್ಲಗೆ, ಒಂದೇ ಹದದಲ್ಲಿ. ಮೊದಲು ಬೂದಿ ಬಣ್ಣ ಕಾಣುತ್ತದೆ. ಇದ್ದಕ್ಕಿದ್ದಂತೆ ಟ್ಯೂಬ್‌ಲೈಟಿನ ಗೆರೆ ಉಗುರಿನ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಆ ಕ್ಷಣ ಇವತ್ತಿಗೂ ನನಗೆ ಖುಷಿ ಕೊಡುತ್ತದೆ.

ಕೆಳಗಿನ ಬಣ್ಣ ಬದಲಾದರೆ ಪೌಡರ್ ಅದೇ ಇದ್ದರೂ ಉಗುರು ಬೇರೆಯೇ ಆಗುತ್ತದೆ. ಕಪ್ಪಿನ ಮೇಲೆ ಬೆಳ್ಳಿ ಪೌಡರ್ ಹಾಕಿದರೆ ಅಚ್ಚ ಕನ್ನಡಿ. ಹಾಲು ಬಿಳಿಯ ಮೇಲೆ ಮುತ್ತಿನ ಪೌಡರ್ ಹಾಕಿದರೆ 2022ರಲ್ಲಿ ಎಲ್ಲ ಕಡೆ ಹಬ್ಬಿದ "ಗ್ಲೇಝ್ಡ್ ಡೋನಟ್" ಉಗುರು. ಆ ವರ್ಷ ನ್ಯೂಯಾರ್ಕಿನ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭಕ್ಕೆ ಅಮೆರಿಕದ ಮಾಡೆಲ್ ಹೇಲಿ ಬೀಬರ್ ಅವರಿಗೆ ಝೋಲಾ ಗಂಝೋರಿಗ್ಟ್ ಎಂಬ ನೇಲ್ ಆರ್ಟಿಸ್ಟ್ ಹಾಕಿದ್ದು ಅದು. ತಿಳಿ ಬಿಳಿ ಬಣ್ಣ, ಮೇಲೆ ಕ್ರೋಮ್ ಪೌಡರ್, ಅಷ್ಟೇ. ನಮ್ಮ ಗೋಧಿ ಮೈಬಣ್ಣಕ್ಕೆ ಪೂರ್ತಿ ಬಿಳಿಗಿಂತ ತಿಳಿ ಗುಲಾಬಿಯ ಮೇಲಿನ ಮುತ್ತಿನ ಹೊಳಪು ಚೆನ್ನಾಗಿ ಒಪ್ಪುತ್ತದೆ ಅನ್ನುವುದು ನನ್ನ ಅಭಿಪ್ರಾಯ. ರೇಷ್ಮೆ ಸೀರೆಗೂ ಹೊಂದುತ್ತದೆ, ಆಫೀಸಿಗೂ ಸೈ. ಕನ್ನಡಿ ಬೆಳ್ಳಿಯನ್ನು ಮದುವೆ, ಹಬ್ಬಕ್ಕೆ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸಣ್ಣ ಗೀರು ಬಿದ್ದರೂ ಎದ್ದು ಕಾಣುತ್ತದೆ. ಮುತ್ತಿನ ಬಣ್ಣದಲ್ಲಿ ವಾರವಾದರೂ ಗೊತ್ತಾಗುವುದಿಲ್ಲ.

ಈಗ ಬಾಳಿಕೆ. ಕ್ರೋಮ್ ಮೊದಲು ಬಿಡುವುದು ಉಗುರಿನ ತುದಿಯಲ್ಲಿ. ಕಾರಣ ಸರಳ. ಟಾಪ್ ಕೋಟ್‌ಗೆ ಹಿಡಿದುಕೊಳ್ಳಲು ನೆಲ ಬೇಕು, ಪೌಡರ್ ಪದರ ಒಳ್ಳೆಯ ನೆಲವಲ್ಲ. ಅದು ಎಷ್ಟಾದರೂ ಪುಡಿ. ಹಾಗಾಗಿ ಉಜ್ಜಿದ ಮೇಲೆ ಮೆತ್ತನೆಯ ಬ್ರಶ್‌ನಲ್ಲಿ ಉಳಿದ ಪುಡಿಯನ್ನು ಪೂರ್ತಿ ಕೊಡವಬೇಕು. ಬುಡದ ಚರ್ಮದ ಹತ್ತಿರ, ಎರಡು ಪಕ್ಕದ ಸಂದಿಯಲ್ಲಿ ಪುಡಿ ಉಳಿಯಲೇಬಾರದು. ಆಮೇಲೆ ಉಗುರಿನ ತುದಿಯ ಅಂಚಿಗೆ ಫೈಲ್‌ನಿಂದ ಒಂದೇ ಒಂದು ಎಳೆತ. ಅಂಚಿನ ಪುಡಿ ಹೋಗಿ ಕೆಳಗಿನ ಜೆಲ್ ಕಾಣುತ್ತದೆ. ನಂತರ ತೆಳುವಾಗಿ ಬೇಸ್ ಕೋಟ್ ಒಂದು ಪದರ, ಅದರ ಮೇಲೆ ಟಾಪ್ ಕೋಟ್. ಎರಡನ್ನೂ ತುದಿಯ ಅಂಚಿನ ದಪ್ಪಕ್ಕೂ ಸವರಿ, ಪ್ರತಿ ಪದರವನ್ನೂ ಬೇರೆ ಬೇರೆಯಾಗಿ ಲ್ಯಾಂಪ್‌ನಲ್ಲಿ ಗಟ್ಟಿ ಮಾಡಬೇಕು. ಈ ಕ್ರಮ ಹಿಡಿದ ಮೇಲೆ ನನಗೆ ಸುಲಭವಾಗಿ ಎರಡು ವಾರ ಬರುತ್ತಿದೆ. ಅಷ್ಟರಲ್ಲಿ ಬುಡದಲ್ಲಿ ಹೊಸ ಉಗುರು ಕಾಣಿಸಿಕೊಳ್ಳುತ್ತದೆ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಹೇಗೂ ತೆಗೆಯುವ ಸಮಯ ಬಂದಿರುತ್ತದೆ.

ಕೌಂಟರ್ ಕೆಲಸದಿಂದ ಆಗುವ ಹಾನಿ ನಾನಂದುಕೊಂಡಿದ್ದಕ್ಕಿಂತ ಕಡಿಮೆ. ನೋಟು ಎಣಿಸುವುದು ಬೆರಳಿನ ತುದಿಯಿಂದ, ಉಗುರಿಗೆ ಪೆಟ್ಟಿಲ್ಲ. ಕಟ್ಟಿನ ರಬ್ಬರ್ ಬ್ಯಾಂಡ್ ಮತ್ತು ಸ್ಟೇಪಲ್ ಪಿನ್ ಮಾತ್ರ ವೈರಿಗಳು. ಪಿನ್ನನ್ನು ಉಗುರಿನಿಂದ ಎಬ್ಬಿಸಿದರೆ ಯಾವ ಟಾಪ್ ಕೋಟೂ ತಡೆಯುವುದಿಲ್ಲ. ಪಿನ್ ರಿಮೂವರ್ ಇಟ್ಟುಕೊಳ್ಳಿ. ಒಬ್ಬ ಹಿರಿಯರು ಪಾಸ್‌ಬುಕ್ ಕೊಡುತ್ತಾ, "ಏನಮ್ಮಾ, ಉಗುರಿಗೆ ಬೆಳ್ಳಿ ಕಟ್ಟಿಸಿದ್ದೀಯಾ?" ಎಂದು ಕೇಳಿದ್ದರು. ಮೊಮ್ಮಗಳಿಗೆ ತೋರಿಸಬೇಕು ಎಂದು ಇದರ ಹೆಸರು ಬರೆಸಿಕೊಂಡೂ ಹೋದರು.

ಅಡುಗೆಮನೆಯದ್ದು ಬೇರೆ ಲೆಕ್ಕ. ಅಕ್ಕಿ ರೊಟ್ಟಿ ತಟ್ಟುವಾಗ ಬಿಸಿ ಹಿಟ್ಟು ಉಗುರಿನ ಕೆಳಗೆ ಸೇರುತ್ತದೆ. ಅದನ್ನು ಕೆರೆದು ತೆಗೆಯುವಾಗಲೇ ತುದಿ ಏಳುವುದು. ಉಗುರು ಗಿಡ್ಡವಾಗಿದ್ದರೆ ಈ ತೊಂದರೆಯೇ ಇಲ್ಲ. ಗಿಡ್ಡ ಉಗುರಿಗೂ ಕ್ರೋಮ್ ತುಂಬ ಚಂದ. ಅರಿಶಿನದ ಕಲೆ ಬೆಳ್ಳಿಯ ಮೇಲೆ ಕಾಣುವುದಿಲ್ಲ. ಹಾಲು ಬಿಳಿಯ ಮೇಲೆ ತಿಳಿ ಹಳದಿ ಉಳಿಯುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಸ್ವಲ್ಪ ಕಮ್ಮಿಯಾಗುತ್ತದೆ. ಹಸಿ ಅಡಿಕೆಯ ಚೊಗರು ಮಾತ್ರ ಹಟಮಾರಿ. ಕೊಯ್ಲಿನ ದಿನಗಳಲ್ಲಿ ತವರಿಗೆ ಹೋಗುವುದಿದ್ದರೆ ನಾನು ಕಪ್ಪಿನ ಮೇಲಿನ ಬೆಳ್ಳಿಯನ್ನೇ ಹಾಕಿಕೊಳ್ಳುತ್ತೇನೆ. ಪಾತ್ರೆ ತೊಳೆಯಲು ರಬ್ಬರ್ ಗ್ಲೌಸ್ ಬೇಕೇ ಬೇಕು. ಬಿಸಿ ನೀರು, ಸೋಪು, ಸ್ಕ್ರಬ್ಬರ್ ಮೂರೂ ಸೇರಿದರೆ ವಾರಕ್ಕೇ ಅಂಚು ಬಿಡುತ್ತದೆ.

ನೀರಿನದ್ದೇ ಇನ್ನೊಂದು ಮಾತು. ಉಗುರು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸ್ನಾನವಾದ ಕೂಡಲೇ, ಪಾತ್ರೆ ತೊಳೆದ ಕೂಡಲೇ ಬೇಸ್ ಕೋಟ್ ಹಚ್ಚಿದರೆ ಉಗುರು ಕುಗ್ಗುವಾಗ ಪದರ ಬಿಟ್ಟುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೈ ಒಣಗುವುದೇ ನಿಧಾನ. ಒಂದು ಗಂಟೆ ಬಿಟ್ಟು, ಅಸಿಟೋನ್‌ನಲ್ಲಿ ಒರೆಸಿ ಆಮೇಲೆ ಶುರು ಮಾಡಿ.

ಲ್ಯಾಂಪ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಕಿಟ್‌ನಲ್ಲಿ ಅಂಗೈಯಷ್ಟು ಪುಟ್ಟ ಲ್ಯಾಂಪ್ ಬಂದಿತ್ತು. ಎಷ್ಟು ಹೊತ್ತು ಇಟ್ಟರೂ ಜೆಲ್ ಒಳಗೆ ಮೆತ್ತಗೇ ಉಳಿಯುತ್ತಿತ್ತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ದುಡ್ಡು ಹೋದದ್ದಕ್ಕಿಂತ ದೊಡ್ಡ ವಿಷಯ ಆರೋಗ್ಯದ್ದು. ಅರ್ಧಂಬರ್ಧ ಗಟ್ಟಿಯಾದ ಜೆಲ್‌ನಲ್ಲಿರುವ ಅಕ್ರಿಲೇಟ್ ರಾಸಾಯನಿಕಗಳು ಚರ್ಮಕ್ಕೆ ತಾಗಿ ಅಲರ್ಜಿ ಬರಬಹುದು. ಅದರಲ್ಲೂ ಹೆಮಾ (HEMA) ಎಂಬುದರಿಂದ. ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಲ್ಲಿನ ಡಾಕ್ಟರು ಬಳಸುವ ಕೆಲವು ವಸ್ತುಗಳಲ್ಲೂ ಇದೇ ಗುಂಪಿನ ರಾಸಾಯನಿಕ ಇರುವುದರಿಂದ ಅಲ್ಲೂ ತೊಂದರೆಯಾಗಬಹುದು. ಬ್ರಿಟನ್ನಿನ ಚರ್ಮರೋಗ ತಜ್ಞರ ಸಂಘ 2018ರಲ್ಲೇ ಮನೆಬಳಕೆಯ ಕಿಟ್‌ಗಳ ಬಗ್ಗೆ ಎಚ್ಚರಿಸಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಹೆಮಾ ಇರುವ ಉಗುರು ಬಣ್ಣಗಳ ಮೇಲೆ "ವೃತ್ತಿಪರರ ಬಳಕೆಗೆ ಮಾತ್ರ" ಎಂದು ಬರೆಯಲೇಬೇಕು. ಜೆಲ್ ಗಟ್ಟಿಯಾಗಲು ಹಾಕುವ ಟಿಪಿಒ (TPO) ಎಂಬ ವಸ್ತುವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದಾರೆ. ಹಾಗಾಗಿ ನಾನೀಗ ಬಾಟಲಿಯ ಹಿಂದೆ ಏನೇನಿದೆ ಎಂದು ಪೂರ್ತಿ ಪಟ್ಟಿ ಅಚ್ಚಾಗಿರುವುದನ್ನು ಮಾತ್ರ ಕೊಳ್ಳುತ್ತೇನೆ. ಹೆಮಾ, ಟಿಪಿಒ ಇಲ್ಲದ್ದನ್ನೇ ಆರಿಸುತ್ತೇನೆ. ಪಟ್ಟಿಯೇ ಇಲ್ಲದ ಬಾಟಲಿ ಎಷ್ಟೇ ಅಗ್ಗವಾಗಿರಲಿ, ಮುಟ್ಟಬೇಡಿ. ಸಾಧ್ಯವಾದರೆ ಜೆಲ್ ಮತ್ತು ಲ್ಯಾಂಪ್ ಒಂದೇ ಕಂಪನಿಯದ್ದು ಇರಲಿ, ಒಂದಕ್ಕೊಂದು ಹೊಂದುತ್ತವೆ. ಜೆಲ್ ಚರ್ಮಕ್ಕೆ ತಾಗಿದರೆ ಲ್ಯಾಂಪ್‌ಗೆ ಕೈ ಇಡುವ ಮೊದಲೇ ಕಡ್ಡಿಯಿಂದ ಒರೆಸಿ. ಬೆರಳು ತುರಿಸಿದರೆ, ಕೆಂಪಾದರೆ ಅವತ್ತೇ ನಿಲ್ಲಿಸಿ ಚರ್ಮದ ಡಾಕ್ಟರನ್ನು ನೋಡಿ.

ಲ್ಯಾಂಪ್‌ನ ಯುವಿ (ಅತಿನೇರಳೆ) ಬೆಳಕಿನ ಬಗ್ಗೆಯೂ ಕಾಳಜಿ ಬೇಕು. ಕೈಗೆ ಮೊದಲೇ ಸನ್‌ಸ್ಕ್ರೀನ್ ಹಚ್ಚಿಕೊಂಡು, ಬೆರಳ ತುದಿ ಕತ್ತರಿಸಿದ ಹಳೆಯ ಗ್ಲೌಸ್ ಹಾಕಿಕೊಳ್ಳುತ್ತೇನೆ. ಉಗುರಿಗೆ ಸನ್‌ಸ್ಕ್ರೀನ್ ತಾಗದಂತೆ ಒರೆಸಿಕೊಳ್ಳುವುದು ಮುಖ್ಯ, ಇಲ್ಲದಿದ್ದರೆ ಬೇಸ್ ಕೋಟ್ ಹಿಡಿಯುವುದಿಲ್ಲ.

ತೆಗೆಯುವ ಕೆಲಸ ಹಾಕುವುದಕ್ಕಿಂತ ಬೇಜಾರಿನದು. ಮೊದಲು ಮೇಲಿನ ಹೊಳಪನ್ನು ಫೈಲ್‌ನಿಂದ ಉಜ್ಜಿ ಮಂಕು ಮಾಡಬೇಕು. ಉಗುರಿನ ಸುತ್ತ ಕೊಬ್ಬರಿ ಎಣ್ಣೆ ಸವರಿ, ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ ಹತ್ತು ಹದಿನೈದು ನಿಮಿಷ ಕೂರಬೇಕು. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಅಸಿಟೋನ್ ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುತ್ತದೆ. ಆಮೇಲೂ ಬರದಿದ್ದರೆ ಮತ್ತೆ ಸುತ್ತಿ. ತುದಿ ಎದ್ದಿದೆ ಎಂದು ಸುಮ್ನೆ ಕೂತಾಗ ಕಿತ್ತರೆ ಉಗುರಿನ ಮೇಲ್ಪದರವೂ ಜೊತೆಗೆ ಬರುತ್ತದೆ. ನನ್ನ ತಂಗಿಯ ಉಗುರು ಹಾಗೆ ತೆಳ್ಳಗಾಗಿ, ಹೊಸದು ಬೆಳೆದು ಬರಲು ತಿಂಗಳುಗಟ್ಟಲೆ ಬೇಕಾಯಿತು. ಎರಡು ಸಲ ಹಾಕಿದ ಮೇಲೆ ಒಂದೆರಡು ವಾರ ನಾನು ಉಗುರನ್ನು ಖಾಲಿ ಬಿಡುತ್ತೇನೆ. ರಾತ್ರಿ ಎಣ್ಣೆ ಹಚ್ಚುತ್ತೇನೆ.

ಆಪರೇಷನ್ ಇದ್ದರೆ ಮುಂಚೆಯೇ ತೆಗೆದುಬಿಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ಬೆಳಕಿನಿಂದ ಅಳೆಯುವಂಥದ್ದು, ಉಗುರಿನ ಬಣ್ಣದಿಂದ ಅದರ ಲೆಕ್ಕ ತಪ್ಪಬಹುದು.

ಖರ್ಚಿನ ಮಾತು. ಇಲ್ಲಿ ಸಲೂನಿನಲ್ಲಿ ಒಂದು ಸಲ ಕ್ರೋಮ್ ಹಾಕಿಸಲು ಸಾವಿರ ರೂಪಾಯಿ ದಾಟುತ್ತದೆ. ನನ್ನ ಎಲ್ಲ ಸಾಮಾನು ಸೇರಿ ಮೂರು ಸಲದ ಸಲೂನ್ ಖರ್ಚಿನಷ್ಟಾಗಿದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲ್ಯಾಂಪ್‌ಗೇ ಹೋಯಿತು. ವರ್ಷಕ್ಕೆ ಒಂದೆರಡು ಸಲ ಮಾತ್ರ ಹಾಕಿಕೊಳ್ಳುವವರು ಸಲೂನಿಗೇ ಹೋಗಿ. ಲ್ಯಾಂಪ್ ಬೇಡವೇ ಬೇಡ ಅನ್ನುವವರು ಸಾಧಾರಣ ನೇಲ್ ಪಾಲಿಶ್ ಪೂರ್ತಿ ಒಣಗಿದ ಮೇಲೆ ನೀರಿನ ಆಧಾರದ ಟಾಪ್ ಕೋಟ್ ಹಾಕಿ, ಅದು ಮುಟ್ಟಿದರೆ ಅಂಟದಷ್ಟು ಒಣಗಿದಾಗ ಪೌಡರ್ ಉಜ್ಜಬಹುದು. ಮೇಲೆ ಮತ್ತೆ ನೀರಿನ ಆಧಾರದ್ದೇ ಹಾಕಿ. ಬೇರೆ ಟಾಪ್ ಕೋಟ್ ಹೊಳಪನ್ನು ಕರಗಿಸಿಬಿಡುತ್ತದೆ. ಮೂರ್ನಾಲ್ಕು ದಿನ ಬರುತ್ತದೆ, ಒಂದು ಮದುವೆ ಮನೆಗೆ ಸಾಕು.

ಜೆಲ್ ಬಾಟಲಿಗಳನ್ನು ಕಿಟಕಿ ಪಕ್ಕ ಇಡಬೇಡಿ. ಬಿಸಿಲಿನಲ್ಲೂ ಯುವಿ ಇದೆ, ಬಾಟಲಿಯ ಬಾಯಲ್ಲೇ ಜೆಲ್ ಗಟ್ಟಿಯಾಗುತ್ತದೆ. ನನ್ನವು ಬೀರುವಿನೊಳಗೆ, ಮುಚ್ಚಳ ಬಿಗಿ ಮಾಡಿ, ನಿಲ್ಲಿಸಿ ಇಟ್ಟಿರುತ್ತವೆ. ಲ್ಯಾಂಪ್ ಉರಿಯುವಾಗ ಬಾಟಲಿ ತೆರೆದು ಪಕ್ಕದಲ್ಲಿ ಇಡುವುದೂ ಬೇಡ.